ನಡೆಯುವ ರೋಬೋಗಳ ಓಟದ ಸ್ಪರ್ಧೆ: ನಿಯಮಗಳೂ ಅವುಗಳ ಹಿನ್ನೆಲೆಯೂ

2025ರ ಏಪ್ರಿಲ್ 19ರಂದು ಬೀಜಿಂಗ್ ನಗರದ ಯಿಝ್ವಾಂಗ್ ಪ್ರದೇಶದಲ್ಲಿ ನಡೆದ ಅರ್ಧ ಮ್ಯಾರಥಾನ್ ಓಟದಲ್ಲಿ ಸಾವಿರಾರು ಮನುಷ್ಯರ ಜೊತೆಗೆ 21 ಯಂತ್ರಮಾನವರೂ ಪಾಲ್ಗೊಂಡ ಸುದ್ದಿಯನ್ನು ಓದುಗರು ದೂರದರ್ಶನದಲ್ಲಿ ಕಂಡಿರಬಹುದು. ಓಟದ ಆರಂಭದಲ್ಲೇ ಒಂದು ರೋಬೋ ನೆಲಕ್ಕುರುಳಿ ಕೆಲ ಹೊತ್ತು ಮಲಗಿಯೇ ಇತ್ತು; ಮತ್ತೊಂದು ಕೆಲವೇ ಮೀಟರ್ ಓಡಿ ಪಕ್ಕದ ಬೇಲಿಗೆ ಅಪ್ಪಳಿಸಿತು. ನೋಡಿದವರು ನಕ್ಕರು. ಆದರೆ ಇಂಥ ಸ್ಪರ್ಧೆಗಳ ನಿಜವಾದ ಸ್ವಾರಸ್ಯವಿರುವುದು ಅವುಗಳ ನಿಯಮಾವಳಿಯಲ್ಲಿ. ಸಾಲಪತ್ರಗಳ ಸಣ್ಣ ಅಕ್ಷರಗಳನ್ನು ಓದುತ್ತಲೇ ತಲೆ ನರೆತಿರುವ ನನ್ನಂಥವನಿಗೆ ಹಾಗನ್ನಿಸುವುದು ಸಹಜವೇ ಇರಬಹುದು. ಯಂತ್ರದಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ, ಎಷ್ಟರಮಟ್ಟಿಗೆ ಅದಕ್ಕೆ ವಿನಾಯಿತಿ ಕೊಡುತ್ತೇವೆ ಎಂಬುದೆಲ್ಲ ಅಲ್ಲಿ ಬರೆದಿಟ್ಟಂತಿರುತ್ತದೆ.

ನಡಿಗೆ ಎಂದರೇನು?

ಮೊದಲ ನಿಯಮ ಎಲ್ಲೆಡೆಯೂ ಒಂದೇ: ಚಕ್ರ ಸಲ್ಲದು. ಬೀಜಿಂಗ್ ಸ್ಪರ್ಧೆಯಲ್ಲಿ ರೋಬೋ ಮನುಷ್ಯಾಕಾರದ್ದಾಗಿದ್ದು, ಎರಡು ಕಾಲುಗಳ ಮೇಲೆ ನಡೆಯಬೇಕಿತ್ತು ಅಥವಾ ಓಡಬೇಕಿತ್ತು. ಮನುಷ್ಯರ ವೇಗದ ನಡಿಗೆ ಸ್ಪರ್ಧೆಯಲ್ಲಿ ಒಂದು ಪಾದವಾದರೂ ಸದಾ ನೆಲಕ್ಕೆ ತಾಗಿರಬೇಕೆಂಬ ಕಟ್ಟುನಿಟ್ಟಿದೆ. ಎರಡೂ ಪಾದಗಳು ನೆಲ ಬಿಟ್ಟುದು ತೀರ್ಪುಗಾರರ ಕಣ್ಣಿಗೆ ಬಿದ್ದರೆ ಎಚ್ಚರಿಕೆ ತಪ್ಪದು. ರೋಬೋಗಳಿಗೆ ಈ ಕಟ್ಟಳೆಯಿಲ್ಲ. ಎರಡೂ ಪಾದಗಳನ್ನು ಏಕಕಾಲದಲ್ಲಿ ನೆಲದಿಂದ ಎತ್ತುವುದೇ ಅವುಗಳ ಪಾಲಿಗೆ ಸಾಧನೆ. ಹೊಂಡಾ ಸಂಸ್ಥೆಯ ಅಸಿಮೊ 2000ದಲ್ಲಿ ಜನರೆದುರು ನಡೆದು ತೋರಿಸಿತಾದರೂ, ಗಂಟೆಗೆ 3 ಕಿ.ಮೀ. ವೇಗದಲ್ಲಿ ಓಡುವುದನ್ನು ಕಲಿಯಲು ಅದಕ್ಕೆ 2004ರವರೆಗೆ ಕಾಲ ಹಿಡಿಯಿತು.

ಇದಕ್ಕಿಂತ ಸೂಕ್ಷ್ಮವಾದುದು ಪಾದದ ಅಳತೆಯ ನಿಯಮ. ದೇಹದ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ನೆಲಕ್ಕೂರಿದ ಪಾದದೊಳಗೇ ಬೀಳುತ್ತಿರುವಷ್ಟು ಕಾಲ ನಿಧಾನವಾಗಿ ಹೆಜ್ಜೆಯಿಡುವ ವಸ್ತು ಉರುಳದು. ಆದ್ದರಿಂದ ರೋಬೋಗೆ ಊಟದ ಮಣೆಯಷ್ಟು ಅಗಲದ ಪಾದ ಜೋಡಿಸಿಬಿಟ್ಟರೆ ಸಮತೋಲನದ ಸಮಸ್ಯೆಯೇ ಉಳಿಯುವುದಿಲ್ಲ, ಜೊತೆಗೆ ಸ್ಪರ್ಧೆಯೂ ಉಳಿಯುವುದಿಲ್ಲ! ಈ ಉಪಾಯವನ್ನು ತಡೆಯಲೆಂದೇ ರೋಬೋಕಪ್ ಫುಟ್‌ಬಾಲಿನ ಮನುಷ್ಯಾಕೃತಿ ವಿಭಾಗದಲ್ಲಿ ಪಾದದ ವಿಸ್ತೀರ್ಣವನ್ನು ಗುರುತ್ವಕೇಂದ್ರದ ಎತ್ತರಕ್ಕೆ ಗಂಟು ಹಾಕಿದ್ದಾರೆ. ಆ ಎತ್ತರವನ್ನು 2.2ರಿಂದ ಗುಣಿಸಿ, ವರ್ಗಮಾಡಿ, 32ರಿಂದ ಭಾಗಿಸಿದರೆ ಬರುವಷ್ಟು ವಿಸ್ತೀರ್ಣದ ಆಯತದೊಳಗೆ ಪಾದ ಅಡಗಬೇಕು. ಗುರುತ್ವಕೇಂದ್ರ 40 ಸೆಂ.ಮೀ. ಎತ್ತರದಲ್ಲಿದ್ದರೆ ಪಾದಕ್ಕೆ ಸಿಗುವುದು ಸುಮಾರು 242 ಚದರ ಸೆಂ.ಮೀ. ಮಾತ್ರ.

ಬಿದ್ದರೆ, ಬ್ಯಾಟರಿ ಮುಗಿದರೆ

2011ರ ಫೆಬ್ರವರಿ 24ರಂದು ಜಪಾನಿನ ಒಸಾಕಾದಲ್ಲಿ ಎರಡು ಕಾಲಿನ ರೋಬೋಗಳ ಪೂರ್ಣ ಮ್ಯಾರಥಾನ್ ಆರಂಭವಾಯಿತು. ವಿಸ್ಟೋನ್ ಎಂಬ ಕಂಪನಿ ಏರ್ಪಡಿಸಿದ್ದ ಈ ಸ್ಪರ್ಧೆಯಲ್ಲಿದ್ದುದು ಐದು ಪುಟ್ಟ ರೋಬೋಗಳು. 100 ಮೀಟರಿನ ಒಳಾಂಗಣ ಪಥವನ್ನು ಅವು 422 ಬಾರಿ ಸುತ್ತಬೇಕಿತ್ತು. ಬ್ಯಾಟರಿಯನ್ನೂ ಮೋಟಾರನ್ನೂ ನಡುವೆ ಬದಲಿಸಬಹುದಿತ್ತು. ಆದರೆ ಬಿದ್ದ ರೋಬೋ ತಾನಾಗಿಯೇ ಎದ್ದು ನಿಲ್ಲಬೇಕಿತ್ತು, ಮನುಷ್ಯ ಕೈಹಿಡಿದು ಎತ್ತುವಂತಿರಲಿಲ್ಲ. ವಿಸ್ಟೋನಿನದೇ ಆದ ರೋಬೋವೀ-ಪಿಸಿ 54 ಗಂಟೆ 57 ನಿಮಿಷ 50.26 ಸೆಕೆಂಡುಗಳಲ್ಲಿ ಗುರಿ ಮುಟ್ಟಿತು. ಎರಡನೆಯ ಸ್ಥಾನದ ರೋಬೋ ಹಿಂದುಳಿದದ್ದು ಒಂದೆರಡು ಸೆಕೆಂಡು ಮಾತ್ರ. ಎರಡು ಹಗಲು ಎರಡು ರಾತ್ರಿ ದಾಟಿ ನಡೆದ ಮೇಲೂ ಇಷ್ಟು ಅಲ್ಪ ಅಂತರ!

ಬೀಜಿಂಗಿನವರು ಬೇರೆ ದಾರಿ ಹಿಡಿದರು. ಅಲ್ಲಿಯೂ ಬ್ಯಾಟರಿ ಬದಲಿಸಲು ಅಡ್ಡಿಯಿರಲಿಲ್ಲ. ಕೆಟ್ಟು ನಿಂತ ರೋಬೋಗೆ ಬದಲಾಗಿ ಇನ್ನೊಂದು ರೋಬೋವನ್ನೇ ಇಳಿಸಲೂ ಅವಕಾಶವಿತ್ತು, ಆದರೆ ಪ್ರತಿ ಬದಲಾವಣೆಗೂ 10 ನಿಮಿಷದ ದಂಡ ತೆರಬೇಕು. ಡಿಕ್ಕಿ ತಪ್ಪಿಸಲು ರೋಬೋಗಳನ್ನು ಒಂದರ ಹಿಂದೊಂದಾಗಿ ಅಂತರವಿಟ್ಟು ಬಿಡಲಾಯಿತು. ಮನುಷ್ಯರಿಗೂ ಅವುಗಳಿಗೂ ನಡುವೆ ಬೇಲಿಯಿತ್ತು. ಗೆದ್ದ ತಿಯಾಂಗೊಂಗ್ ಅಲ್ಟ್ರಾ ಮೂರು ಬಾರಿ ಬ್ಯಾಟರಿ ಬದಲಿಸಿಕೊಂಡು, ಒಮ್ಮೆ ಬಿದ್ದು, 2 ಗಂಟೆ 40 ನಿಮಿಷ 42 ಸೆಕೆಂಡುಗಳಲ್ಲಿ ಓಟ ಮುಗಿಸಿತು. ಅಂದಿನ ಪುರುಷರ ವಿಭಾಗದ ವಿಜೇತ ತೆಗೆದುಕೊಂಡದ್ದು 1 ಗಂಟೆ 2 ನಿಮಿಷ. ಹೊರಟ 21 ರೋಬೋಗಳಲ್ಲಿ ಗುರಿ ಕಂಡವು ಆರು. ಲೆಕ್ಕ ಹಾಕಿದರೆ ಒಸಾಕಾದ ವಿಜೇತನ ವೇಗ ಗಂಟೆಗೆ ಮುಕ್ಕಾಲು ಕಿ.ಮೀ.ಗಿಂತ ತುಸು ಹೆಚ್ಚು, ಬೀಜಿಂಗಿನದರ ವೇಗ ಸುಮಾರು 7.9 ಕಿ.ಮೀ. ಹದಿನಾಲ್ಕು ವರ್ಷಗಳಲ್ಲಿ ಹತ್ತು ಪಟ್ಟು ಎನ್ನಬಹುದಾದರೂ, ಒಂದು ನಮ್ಮ ಮೊಣಕಾಲೆತ್ತರದ್ದು, ಇನ್ನೊಂದು ಆಳೆತ್ತರದ್ದು ಎಂಬುದನ್ನು ಮರೆಯಬಾರದು.

ನನ್ನ ಮಟ್ಟಿಗೆ ಒಸಾಕಾದ ನಿಯಮವೇ ಹೆಚ್ಚು ನ್ಯಾಯವಾದುದು. ಬೇರೊಂದು ರೋಬೋ ಬಂದು ಓಟವನ್ನು ಮುಂದುವರಿಸಿದರೆ ಅದು ರಿಲೇ ಓಟವಾಗುತ್ತದೆಯೇ ಹೊರತು ಮ್ಯಾರಥಾನ್ ಆಗುವುದಿಲ್ಲ.

ಓಡುವವರು ಯಾರು?

ಎಲ್ಲಕ್ಕಿಂತ ಹೆಚ್ಚು ವಿವಾದಕ್ಕೆ ಆಸ್ಪದ ಕೊಡುವ ಪ್ರಶ್ನೆ ಇದು. ಬೀಜಿಂಗಿನಲ್ಲಿ ದೂರನಿಯಂತ್ರಣಕ್ಕೂ ಅನುಮತಿಯಿತ್ತು; ರಿಮೋಟ್ ಹಿಡಿದ ತಂತ್ರಜ್ಞರು ರೋಬೋಗಳ ಪಕ್ಕದಲ್ಲೇ ಏದುಸಿರು ಬಿಡುತ್ತ ಓಡಿದರು. ತಿಯಾಂಗೊಂಗ್‌ನ ಮುಂದೆ ಬೆನ್ನಿಗೆ ಸಂಕೇತ ಕಳಿಸುವ ಸಾಧನ ಕಟ್ಟಿಕೊಂಡ ಒಬ್ಬ ಮನುಷ್ಯ ಓಡುತ್ತಿದ್ದ. ರೋಬೋ ಅವನನ್ನು ಹಿಂಬಾಲಿಸಿತು. ಹೆಜ್ಜೆ ರೋಬೋನದು, ದಾರಿ ಮನುಷ್ಯನದು. ಇದನ್ನು ಸ್ವತಂತ್ರ ಓಟವೆನ್ನಬೇಕೆ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿರುವುದು ಸಹಜ.

ಫಿರಾ ಎಂಬ ಅಂತರರಾಷ್ಟ್ರೀಯ ಸಂಘಟನೆಯ ಹ್ಯೂರೋಕಪ್ ಈ ವಿಷಯದಲ್ಲಿ ರಾಜಿಯಾಗದು. ಅಲ್ಲಿ ರೋಬೋ ತನ್ನ ಕಣ್ಣಿನಿಂದಲೇ ಕಂಡು, ತನ್ನೊಳಗಿನ ಕಂಪ್ಯೂಟರಿನಿಂದಲೇ ನಿರ್ಧರಿಸಬೇಕು. ಹಲವು ವರ್ಷ ಜಾರಿಯಲ್ಲಿದ್ದ ನಿಯಮದಂತೆ ವೇಗದ ಓಟವೆಂದರೆ 3 ಮೀಟರ್ ಮುಂದಕ್ಕೆ ಹೋಗಿ ಹಿಮ್ಮುಖವಾಗಿಯೇ ಮರಳುವುದು. ಮ್ಯಾರಥಾನ್ ಮೊದಲಿಗೆ 42.195 ಮೀಟರ್ ಇದ್ದು, ಮನುಷ್ಯರ ಮ್ಯಾರಥಾನಿನ ಸಾವಿರದಲ್ಲೊಂದು ಪಾಲಾಗಿತ್ತು. ಬಳಿಕ ದೂರ ಹೆಚ್ಚಿತು. ಇದೇ ಫಿರಾದ ಜಾಗತಿಕ ಸಮಾವೇಶವು 2010ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಜರುಗಿತ್ತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ನಮ್ಮ ಮನೆಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದುದು ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ ರೋಬೋಕಾನ್. 2008 ಮತ್ತು 2014ರಲ್ಲಿ ಅದರ ಅಂತರರಾಷ್ಟ್ರೀಯ ಸ್ಪರ್ಧೆ ಪುಣೆಯಲ್ಲೇ ನಡೆದಿತ್ತು. 2019ರಲ್ಲಿ ಆತಿಥ್ಯ ವಹಿಸಿದ ಮಂಗೋಲಿಯಾ, ತನ್ನ ಹಳೆಯ ಕುದುರೆ ಅಂಚೆಯನ್ನೇ ವಸ್ತುವಾಗಿಸಿ ನಡೆಯುವ ರೋಬೋವನ್ನು ಕಡ್ಡಾಯಗೊಳಿಸಿತು. ಮೊದಲ ರೋಬೋ ತಂದುಕೊಟ್ಟ ಮುದ್ರೆಫಲಕವನ್ನು ಕುದುರೆಯಂತಹ ನಾಲ್ಕು ಕಾಲಿನ ಎರಡನೆಯ ರೋಬೋ ಪಡೆದು, ಮರಳ ದಿಣ್ಣೆಯನ್ನೂ ಹಗ್ಗದ ಅಡೆತಡೆಯನ್ನೂ ದಾಟಿ, ಇಳಿಜಾರು ಬೆಟ್ಟವನ್ನೇರಿ ಫಲಕವನ್ನು ಮೇಲೆತ್ತಬೇಕಿತ್ತು. ಎಲ್ಲಕ್ಕೂ ಸೇರಿ ಮೂರೇ ನಿಮಿಷ. ಬೆಟ್ಟ ಏರುವ ಮುನ್ನ ಮೊದಲ ರೋಬೋ ದಾಳ ಎಸೆದು ಕನಿಷ್ಠ 50 ಅಂಕ ಗಳಿಸಿರಬೇಕೆಂಬ ಷರತ್ತು ಬೇರೆ! ಕಾಲೇಜಿನ ಹುಡುಗ ಹುಡುಗಿಯರು ಇಂಥ ಮೂರು ನಿಮಿಷಕ್ಕಾಗಿ ತಿಂಗಳುಗಟ್ಟಲೆ ರಾತ್ರಿ ನಿದ್ದೆ ಬಿಡುತ್ತಾರೆ, ಖರ್ಚೂ ಅಲ್ಪವಲ್ಲ. ಹೀಗಾಗಿ ಬಿಡಿಭಾಗ ಕೊಳ್ಳುವ ಮೊದಲೇ ನಿಯಮಪುಸ್ತಕವನ್ನು ಪೂರ್ತಿ ಓದತಕ್ಕದ್ದು. ತೂಕ, ಅಳತೆ, ವಿದ್ಯುತ್ತಿನ ವೋಲ್ಟೇಜ್ ಇವುಗಳ ಮಿತಿ ಅದರಲ್ಲಿರುತ್ತದೆ. ತಂಡಗಳು ಕೇಳಿದ ಪ್ರಶ್ನೆಗಳಿಗೆ ಸಂಘಟಕರು ಆಗಾಗ ಪ್ರಕಟಿಸುವ ಉತ್ತರಗಳನ್ನೂ ನಿಯಮಗಳೊಡನೆಯೇ ಇಟ್ಟು ಓದಬೇಕು.