ಹಳೆಯ ಸಾಮಾನಿನ ಅಂಗಡಿಗಳಲ್ಲಿ ಶ್ರುತನಿಧಿ: ಬಿಡಿ ಓಲೆಗಳ ವಿಚಾರ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ನಮ್ಮ ಪೂರ್ವಿಕರು ಕೊಟ್ಟಿದ್ದ ಸ್ಥಾನವು ವಿದ್ವಜ್ಜನರಿಗೆ ವಿದಿತವೇ ಆಗಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿಯು ರನ್ನನ ಅಜಿತಪುರಾಣದಿಂದ (ಕ್ರಿ. ಶ. 993) ತಿಳಿದುಬರುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿರುವ ಧವಲಾ ಪ್ರತಿಯನ್ನು ದೇಮಿಯಕ್ಕನೆಂಬ ಶ್ರಾವಿಕೆಯು ಶ್ರುತಪಂಚಮೀ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳೆಂದು ಅದರ ಪ್ರಶಸ್ತಿಯೇ ಹೇಳುತ್ತದೆ. ಹನ್ನೆರಡನೆಯ ಶತಮಾನದ ಆರಂಭದ ಮಾತಿದು. ಈ ಎರಡು ನಿದರ್ಶನಗಳಲ್ಲಿಯೂ ಗಮನಿಸಬೇಕಾದ ಅಂಶವೊಂದಿದೆ. ಗ್ರಂಥವು ಬೆಲೆಗೆ ಬಂದುದಲ್ಲ, ಕೈಯಿಂದ ಕೈಗೆ ಬಂದುದು. ಬರೆಯಿಸಿದವರು, ಬರೆದವರು, ಪಡೆದವರು, ಬರೆದ ಊರು, ಬರೆದ ತಿಥಿ ಇವೆಲ್ಲವೂ ಗ್ರಂಥದೊಡನೆಯೇ ಇರುತ್ತಿದ್ದುವು.

ಇಂತಹ ಗ್ರಂಥಗಳ ಗರಿಗಳು ಇಂದು ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಗಡಿಯಾರ, ಲಾಟೀನು, ಚೀನೀ ಜಾಡಿ, ಹಿತ್ತಾಳೆಯ ಹರಿವಾಣಗಳ ನಡುವೆ ಕಾಣಿಸುತ್ತಿವೆ. ಮುಂಬಯಿಯ ಚೋರ್ ಬಜಾರು, ಕೊಚ್ಚಿಯ ಮಟ್ಟಾಂಚೇರಿ, ಚೆಟ್ಟಿನಾಡಿನ ಕಾರೈಕುಡಿ ಮುಂತಾದ ಪ್ರಸಿದ್ಧ ಸ್ಥಳಗಳಲ್ಲಿ ಮಾತ್ರವಲ್ಲದೆ ಸಣ್ಣ ಪಟ್ಟಣಗಳಲ್ಲಿಯೂ ಇಂತಹ ಅಂಗಡಿಗಳಿವೆ. ನಿಧಿಯನ್ನರಸಿ ಅಲ್ಲಿಗೆ ಹೋಗುವವರಲ್ಲಿ ಮನೆಯ ಗೋಡೆಗೆ ಅಲಂಕಾರವನ್ನು ಹುಡುಕುವವರೂ ಇದ್ದಾರೆ, ಗ್ರಂಥಪ್ರೇಮಿಗಳೂ ಇದ್ದಾರೆ. ಅಂಗಡಿಯಲ್ಲಿ ದೊರೆಯುವ ಒಂದು ಗರಿಯಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು, ಅದನ್ನು ಕಂಡ ವಿದ್ವಾಂಸನ ಕರ್ತವ್ಯವೇನು ಎಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಗ್ರಂಥಗಳು ಮನೆ ಬಿಟ್ಟು ಹೊರಬೀಳಲು ಕಾರಣಗಳು ಅಸ್ಪಷ್ಟವಾಗೇನೂ ಇಲ್ಲ. ಮುದ್ರಿತ ಗ್ರಂಥಗಳು ಬಂದಮೇಲೆ ಓಲೆಯ ಪಾರಾಯಣ ನಿಂತಿತು. ಹಳೆಯ ಮೋಡಿಯ ಅಕ್ಷರಗಳನ್ನು ಓದಬಲ್ಲವರು ಮನೆಯಲ್ಲಿ ಇಲ್ಲವಾದರು. ಕೂಡುಕುಟುಂಬಗಳು ಪಾಲಾದಾಗ ಹೊಲ, ಮನೆ, ಒಡವೆಗಳಿಗೆ ಹಕ್ಕುದಾರರಿದ್ದರು, ಅಟ್ಟದ ಮೇಲಿನ ಓಲೆಯ ಕಟ್ಟಿಗೆ ಯಾರೂ ಇರಲಿಲ್ಲ. ಹಳೆಯ ಮನೆಯನ್ನು ಕೆಡಹುವಾಗ ಕಂಬ, ಬಾಗಿಲುವಾಡಗಳನ್ನು ಕೊಳ್ಳಲು ಬಂದ ವ್ಯಾಪಾರಿಯು ಆ ಕಟ್ಟನ್ನೂ ಒಯ್ಯುತ್ತಾನೆ. ಅವನನ್ನು ದೂರಿ ಫಲವಿಲ್ಲ. ಅವನು ಒಯ್ಯದಿದ್ದರೆ ಅನೇಕ ಕಡೆ ಅದು ಹೊಳೆಗೋ ಒಲೆಗೋ ಹೋಗುತ್ತಿತ್ತು.

ಹಸ್ತಪ್ರತಿಗಳನ್ನು ಕೊಳ್ಳುವ ಪದ್ಧತಿ ಹೊಸದಲ್ಲ. ಕರ್ನಲ್ ಕಾಲಿನ್ ಮೆಕೆಂಜಿಯು ದಕ್ಷಿಣ ದೇಶದಲ್ಲಿ ಗ್ರಂಥಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದಾಗ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಅವನಿಗೆ ನೆರವಾಗಿದ್ದರು. 1821ರಲ್ಲಿ ಮೆಕೆಂಜಿಯು ಮೃತನಾದ ಬಳಿಕ ಆ ಸಂಗ್ರಹವನ್ನು ಸರ್ಕಾರವು ಕೊಂಡಿತು, 1828ರಲ್ಲಿ ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದನು. ಮುಂದೆ 1870ರ ದಶಕದಲ್ಲಿ ಬ್ಯೂಲರನು ಮುಂಬಯಿ ಸರ್ಕಾರದ ಪರವಾಗಿ ಪಶ್ಚಿಮ ಭಾರತದಲ್ಲಿ ಹಸ್ತಪ್ರತಿಗಳನ್ನು ಕೊಂಡನು. ಅವನ ಮೂಲಕ ಬರ್ಲಿನ್ನಿಗೆ ಹೋದ ಜೈನ ಪ್ರತಿಗಳನ್ನು ಆಧರಿಸಿಯೇ ವೇಬರನು ಜೈನಾಗಮಗಳ ಕುರಿತು ವಿಸ್ತಾರವಾಗಿ ಬರೆದನು. ಮುಂಬಯಿ ಸರ್ಕಾರದ ಸಂಗ್ರಹವು 1918ರಲ್ಲಿ ಪುಣೆಯ ಭಂಡಾರಕರ್ ಸಂಸ್ಥೆಗೆ ಬಂದಿತು. ಆನಂದ ಕುಮಾರಸ್ವಾಮಿಯವರ ಸಂಗ್ರಹವು 1917ರಲ್ಲಿ ಬಾಸ್ಟನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅದರ ಜೈನ ಚಿತ್ರಗಳ ಮತ್ತು ಹಸ್ತಪ್ರತಿಗಳ ಸೂಚಿಯು 1924ರಲ್ಲಿ ಹೊರಬಂದಿತು. ಇವುಗಳ ಯುಕ್ತಾಯುಕ್ತತೆಯ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಗ್ರಂಥವು ಎಲ್ಲಿದೆಯೆಂಬುದು ಸೂಚಿಯಿಂದ ತಿಳಿಯುತ್ತದೆ, ಓದಬೇಕೆನ್ನುವವನು ಅದನ್ನು ಓದಬಹುದು.

ಅಂಗಡಿಯ ವ್ಯಾಪಾರದ ರೀತಿ ಇದಕ್ಕೆ ವಿರುದ್ಧವಾದುದು. ಇಡೀ ಗ್ರಂಥಕ್ಕೆ ಕೊಳ್ಳುವವರು ವಿರಳ, ಒಂದೊಂದು ಗರಿಗೆ ಬಹಳ ಮಂದಿ. ಪಶ್ಚಿಮ ಭಾರತದ ಸಚಿತ್ರ ಕಲ್ಪಸೂತ್ರಗಳಿಗೆ ಒದಗಿದ ಗತಿ ಇದೇ. ಅಹಮದಾಬಾದಿನ ದೇವಸಾನೋ ಪಾಡೋ ಭಂಡಾರದ, ಕ್ರಿ. ಶ. 1500ರ ಸುಮಾರಿನ, ಅತ್ಯಲಂಕೃತವಾದ ಕಲ್ಪಸೂತ್ರದ ಪತ್ರಗಳು ಕೂಡ ಚೆದುರಿ ಹೋಗಿವೆ. ಕರ್ನಾಟಕದ ಓಲೆಗಳಲ್ಲಿ ಚಿತ್ರಗಳು ತೀರ ವಿರಳವಾದುದರಿಂದ ಅವು ಬಹುಕಾಲ ಈ ಆಪತ್ತಿನಿಂದ ಪಾರಾಗಿದ್ದುವು. ಈಗ ಬರಹವೇ ಅಲಂಕಾರವೆನಿಸಿಕೊಂಡಿರುವುದರಿಂದ ಅವುಗಳ ಸರದಿಯೂ ಬಂದಿದೆ.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನ ಸಣ್ಣ ಅಂಗಡಿಯಲ್ಲಿ ಈ ಲೇಖಕನು ಪರಿಶೀಲಿಸಿದ ಕಟ್ಟೊಂದನ್ನು ಇಲ್ಲಿ ನಿದರ್ಶನವಾಗಿ ಹೇಳಬಹುದು. ಎರಡು ಹಲಗೆಗಳ ನಡುವೆ ಇಪ್ಪತ್ತೆರಡು ಗರಿಗಳಿದ್ದುವು. ಉದ್ದಳತೆ ಒಂದೇ ಆಗಿದ್ದರೂ ಅವು ಒಂದೇ ಗ್ರಂಥದವಲ್ಲ. ಹದಿಮೂರು ಗರಿಗಳಲ್ಲಿ ಗುಣಸ್ಥಾನಗಳ ವಿಚಾರವಾದ ಪ್ರಾಕೃತ ಗಾಹೆಗಳೂ ಕನ್ನಡ ಟೀಕೆಯೂ ಇದ್ದುವು, ಆರರಲ್ಲಿ ಔಷಧಯೋಗಗಳಿದ್ದುವು, ಉಳಿದ ಮೂರು ಗೇಣಿಯ ಲೆಕ್ಕದವು. ವ್ಯಾಪಾರಿಯು ಅಳತೆ ನೋಡಿ ಜೋಡಿಸಿ, ಹೊಸ ದಾರ ಪೋಣಿಸಿ, ಕಟ್ಟನ್ನು ಪೂರ್ಣಗೊಳಿಸಿದ್ದನು. ಗಾಹೆಗಳ ಗರಿಗಳಲ್ಲಿ ಪತ್ರಾಂಕಗಳು ಅನುಕ್ರಮವಾಗಿರಲಿಲ್ಲ, ಮೊದಲ ಗರಿಯೂ ಕೊನೆಯ ಗರಿಯೂ ಇರಲಿಲ್ಲ. ಅಂಗಡಿಯವನ ಒಪ್ಪಿಗೆಯಿಂದ ಅಲ್ಲಿಯೇ ಕುಳಿತು ನಾಲ್ಕು ಗರಿಗಳ ಪಾಠವನ್ನು ಬರೆದುಕೊಂಡುದಾಯಿತು. ಕೆಲವು ತಿಂಗಳ ಅನಂತರ ಹೋದಾಗ ಹಲಗೆಗಳು ಬೇರೆಯಾಗಿ, ಗರಿಗಳು ಬೇರೆ ಬೇರೆಯಾಗಿ ಮಾರಾಟವಾಗಿದ್ದುವು. ಆ ಟೀಕೆ ಯಾರದು, ಯಾವ ಬಸದಿಗೆ ಸೇರಿದ ಪ್ರತಿ ಎಂಬುದನ್ನು ಇನ್ನು ನಿರ್ಧರಿಸುವ ದಾರಿಯಿಲ್ಲ.

ಕೊನೆಯ ಗರಿಯ ನಷ್ಟವೇ ಇಲ್ಲಿ ಮುಖ್ಯವಾದುದು. ಕಟ್ಟಿನ ಹೊರಗಣ ಗರಿಗಳು ಮೊದಲು ಮುರಿಯುತ್ತವೆ. ಉಳಿದರೂ ಪ್ರಶಸ್ತಿಯ ಗರಿಯಲ್ಲಿ ಅರ್ಧಭಾಗ ಬರಿದಾಗಿರುವುದರಿಂದ ಗಿರಾಕಿಗೆ ಅದು ರುಚಿಸುವುದಿಲ್ಲ. ಆದರೆ ಇತಿಹಾಸವೆಲ್ಲ ಇರುವುದು ಅಲ್ಲಿಯೇ. ಗೊಮ್ಮಟಸಾರದ ಟೀಕೆಗಳ ಸಂಗತಿಯನ್ನು ವಿದ್ವಾಂಸರು ನೆನೆಯಬಹುದು. ಜೀವತತ್ತ್ವಪ್ರದೀಪಿಕೆಯೆಂಬ ಸಂಸ್ಕೃತ ಟೀಕೆಯನ್ನು ಬಹುಕಾಲ ಕೇಶವವರ್ಣಿಯ ಕೃತಿಯೆಂದೇ ನಂಬಲಾಗಿತ್ತು. ಕೇಶವವರ್ಣಿಯು ಕ್ರಿ. ಶ. 1359ರಲ್ಲಿ ಮುಗಿಸಿದುದು ಕನ್ನಡ ವೃತ್ತಿಯೆಂದೂ, ಅದನ್ನನುಸರಿಸಿ ಸಂಸ್ಕೃತ ಟೀಕೆಯನ್ನು ರಚಿಸಿದವನು ಅನಂತರದ ನೇಮಿಚಂದ್ರನೆಂದೂ ಡಾ. ಆ. ನೇ. ಉಪಾಧ್ಯೆಯವರು ಪ್ರಶಸ್ತಿಪದ್ಯಗಳನ್ನು ಪರಿಶೀಲಿಸಿ ಸ್ಥಾಪಿಸಿದರು. ಕನ್ನಡ ವೃತ್ತಿಯೇ ಮೂಲವೆಂಬ ಈ ಮಹತ್ತ್ವದ ನಿರ್ಣಯವು ಕೆಲವೇ ಪದ್ಯಗಳ ಮೇಲೆ ನಿಂತಿದೆ. ಆ ಗರಿಗಳು ಯಾರದೋ ಗೋಡೆಯ ಚೌಕಟ್ಟಿನಲ್ಲಿ ಸೇರಿದ್ದರೆ ನಾವು ಇಂದಿಗೂ ಹಳೆಯ ಅಭಿಪ್ರಾಯವನ್ನೇ ಹೇಳುತ್ತಿರುತ್ತಿದ್ದೆವು.

ಲೋಹಬಿಂಬಗಳ ವಿಷಯದಲ್ಲಿಯೂ ಇದೇ ನ್ಯಾಯ. ಅಂಗಡಿಯಲ್ಲಿ ಬಿಂಬದ ಮುಖವನ್ನು ಉಜ್ಜಿ ಹೊಳೆಯಿಸುತ್ತಾರೆ, ಬೆನ್ನಿನ ಬರಹವು ಹುಣಿಸೆಹುಳಿಯಲ್ಲಿ ಸವೆಯುತ್ತದೆ. ಬರೋಡೆಯ ಬಳಿಯ ಆಕೋಟದಲ್ಲಿ 1951ರಲ್ಲಿ ದೊರೆತ ಬಿಂಬಗಳಲ್ಲಿ ಎರಡರ ಮೇಲಿದ್ದ ಜಿನಭದ್ರ ವಾಚನಾಚಾರ್ಯನ ಹೆಸರಿನಿಂದ, ಇವನು ವಿಶೇಷಾವಶ್ಯಕ ಭಾಷ್ಯದ ಕರ್ತೃ ಜಿನಭದ್ರಗಣಿಯೇ ಎಂದು ಉಮಾಕಾಂತ ಶಾಹರು ಗುರುತಿಸಿದರು. ಹಾಗೆಯೇ ವಿಕ್ರಮ ಸಂವತ್ 1548ರ, ಎಂದರೆ ಕ್ರಿ. ಶ. 1491ರ, ಜೀವರಾಜ ಪಾಪಡೀವಾಲನ ಹೆಸರುಳ್ಳ ಶಿಲಾಬಿಂಬಗಳು ದೇಶದ ನಾನಾ ಕಡೆ ಕಾಣಸಿಗುತ್ತವೆ. ಅವು ಭಟ್ಟಾರಕ ಜಿನಚಂದ್ರರಿಂದ ಮುಡಾಸಾದಲ್ಲಿ ಪ್ರತಿಷ್ಠಿತವಾಗಿ ಅಲ್ಲಿಂದ ಹರಡಿದುವೆಂಬುದು ಪೀಠದ ಬರಹದಿಂದ ಮಾತ್ರ ಸಿದ್ಧಿಸುತ್ತದೆ.

ಅಂಗಡಿಯಲ್ಲಿ ಗರಿಯನ್ನು ಪರೀಕ್ಷಿಸುವವರು ಕೆಲವು ಸಾಮಾನ್ಯ ಅಂಶಗಳನ್ನು ನೆನಪಿನಲ್ಲಿಡಬೇಕು. ಒಂದನೆಯದಾಗಿ, ಸಾವಿರ ವರ್ಷದ ಓಲೆಯೆಂಬ ಮಾತಿಗೆ ಬೆಲೆ ಕೊಡಬಾರದು. ಕರ್ನಾಟಕದಲ್ಲಿ ಉಳಿದಿರುವ ಅತಿ ಪ್ರಾಚೀನ ಓಲೆಗಳಾದ ಮೂಡಬಿದಿರೆಯ ಸಿದ್ಧಾಂತಗ್ರಂಥಗಳೇ ಹನ್ನೆರಡನೆಯ ಶತಮಾನದವು. ಅತ್ತಿಮಬ್ಬೆಯ ಸಾವಿರ ಪ್ರತಿಗಳಲ್ಲಿ ಒಂದಾದರೂ ಉಳಿದಿದೆಯೆಂದು ಹೇಳುವಂತಿಲ್ಲ. ಎರಡನೆಯದಾಗಿ, ಶಕವರ್ಷವನ್ನು ಕ್ರಿಸ್ತವರ್ಷವೆಂದು ಓದುವ ಪ್ರಮಾದ ಸಾಮಾನ್ಯ. ಗರಿಯಲ್ಲಿ 1705 ಎಂದಿದ್ದು ಅದು ಗತಶಕವಾದರೆ ಕ್ರಿ. ಶ. 1783-84 ಆಗುತ್ತದೆ, ಆಗ ಸಂವತ್ಸರವು ಶೋಭಕೃತ್ ಆಗಿರಬೇಕು. ಶಕವೂ ಸಂವತ್ಸರವೂ ಹೊಂದದಿದ್ದರೆ ಓದನ್ನು ಮತ್ತೆ ಪರೀಕ್ಷಿಸಬೇಕು. ಸಂವತ್ಸರದ ಹೆಸರು ಮಾತ್ರವಿದ್ದರೆ ಅರುವತ್ತು ವರ್ಷಗಳಿಗೊಮ್ಮೆ ಅದು ಮರಳುವುದರಿಂದ ಲಿಪಿಯ ಆಧಾರವಿಲ್ಲದೆ ನಿರ್ಣಯ ಸಲ್ಲದು. ಉತ್ತರದ ಪ್ರತಿಗಳಲ್ಲಿ ವಿಕ್ರಮ ಸಂವತ್ತಿರುತ್ತದೆ, ಅದಕ್ಕೂ ಶಕಕ್ಕೂ 135 ವರ್ಷಗಳ ಅಂತರ. ಮೂರನೆಯದಾಗಿ, ಹಳೆಯ ಪತ್ರದ ಮೇಲೆ ಹೊಸ ಚಿತ್ರ ಬರೆದು ಮಾರುವವರಿದ್ದಾರೆ. ಪ್ರಾಚೀನ ಲಿಪಿಕಾರನು ಚಿತ್ರಕ್ಕೆ ಸ್ಥಳ ಬಿಟ್ಟು ಬರೆಯುತ್ತಿದ್ದನು. ಬಣ್ಣದ ಅಡಿಯಲ್ಲಿ ಅಕ್ಷರಗಳು ಹಾದುಹೋಗಿದ್ದರೆ ಆ ಚಿತ್ರವು ಹೊಸದೆಂದು ಶಂಕಿಸಬೇಕು. ನಾಲ್ಕನೆಯದಾಗಿ, ಚಂಪೂಕಾವ್ಯದ ಗರಿಯಾದರೆ ಆಶ್ವಾಸಾಂತ್ಯದ ಗದ್ಯವನ್ನು ಹುಡುಕಬೇಕು. ಕವಿಯ ಮತ್ತು ಕೃತಿಯ ಹೆಸರು ನಡುಗರಿಗಳಲ್ಲಿ ದೊರೆಯುವುದಿದ್ದರೆ ಅಲ್ಲಿಯೇ.

ಇನ್ನು ಕೊಳ್ಳಬೇಕೆ, ಬಿಡಬೇಕೆ ಎಂಬ ಪ್ರಶ್ನೆ. ಕೊಂಡರೆ ಕಟ್ಟು ಬಿಚ್ಚುವ ವ್ಯಾಪಾರಕ್ಕೆ ಪ್ರೋತ್ಸಾಹ, ಬಿಟ್ಟರೆ ಗರಿಯು ಕಣ್ಮರೆ. ಈ ಧರ್ಮಸಂಕಟವು ನಮ್ಮ ಹಿರಿಯರಿಗೂ ಒದಗಿತ್ತು. ಮೂಡಬಿದಿರೆಯ ಧವಲಾದಿಗಳ ಪ್ರತಿ ಮಾಡುವ ಕಾರ್ಯವು 1896ರಲ್ಲಿ ಆರಂಭವಾಯಿತು. ಆ ಕಾರ್ಯದಲ್ಲಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಸಿದ್ಧಪಡಿಸಿ ಸೊಲ್ಲಾಪುರದ ಶೇಠ್ ಹೀರಾಚಂದರಲ್ಲಿಗೆ ಒಯ್ದಾಗ, ಅನ್ಯಾಯದಿಂದ ಬಂದುದೆಂದು ಅವರು ಅದನ್ನು ಕೊಳ್ಳಲಿಲ್ಲ. ಸಹಾರನಪುರದ ಲಾಲಾ ಜಂಬೂಪ್ರಸಾದರು ಕೊಂಡರು. ಅಲ್ಲಿ ನಾಗರೀ ಪ್ರತಿಯಾಯಿತು, ಅದರಿಂದ ಬೇರೆ ಪ್ರತಿಗಳು ಹೊರಬಿದ್ದುವು. ಅವುಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರು 1939ರಿಂದ ಷಟ್ಖಂಡಾಗಮವನ್ನು ಪ್ರಕಟಿಸತೊಡಗಿದರು. ಇಬ್ಬರಲ್ಲಿ ಯಾರು ಸರಿಯೆಂಬ ಚರ್ಚೆಯನ್ನು ಈಗಲೂ ಕೇಳುತ್ತೇವೆ. ಆದರೆ ಚರ್ಚಿಸುವವರು ಸಾಮಾನ್ಯವಾಗಿ ಒಂದು ಅಂಶವನ್ನು ಮರೆಯುತ್ತಾರೆ. ಸಂಚರಿಸಿದುದು ಪ್ರತಿ, ಮೂಲದ ಒಂದು ಗರಿಯೂ ಅದಕ್ಕಾಗಿ ಬಸದಿಯಿಂದ ಕದಲಲಿಲ್ಲ. ಆದುದರಿಂದಲೇ ಮುಂದೆ ಮಠದ ಅನುಮತಿ ದೊರೆತಾಗ ಮುದ್ರಣದ ಪಾಠವನ್ನು ಮೂಲದೊಡನೆ ಹೋಲಿಸಿ ತಿದ್ದಲು ಸಾಧ್ಯವಾಯಿತು. ಅಂಗಡಿಯಲ್ಲಿ ನಡೆಯುವುದು ಇದರ ವಿಪರ್ಯಾಸ. ಅಲ್ಲಿ ಮೂಲವು ಸಂಚರಿಸುತ್ತದೆ, ಪ್ರತಿಯು ಎಲ್ಲಿಯೂ ಇರುವುದಿಲ್ಲ.

ಕಾನೂನಿನ ರಕ್ಷೆಯನ್ನೂ ತಿಳಿದಿರಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮವು 1976ರ ಏಪ್ರಿಲ್ 5ರಿಂದ ಜಾರಿಗೆ ಬಂದಿತು. ಅದರಂತೆ ಇತರ ವಸ್ತುಗಳು ನೂರು ವರ್ಷಕ್ಕೆ ಪುರಾವಸ್ತುವಾದರೆ, ಶಾಸ್ತ್ರೀಯ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಯು ಎಪ್ಪತ್ತೈದು ವರ್ಷಕ್ಕೇ ಪುರಾವಸ್ತುವಾಗುತ್ತದೆ. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕಡ್ಡಾಯ ನೋಂದಣಿಗೆ ಗೊತ್ತುಪಡಿಸಿದ ವರ್ಗಗಳಲ್ಲಿ ಸೇರಿರುವುದು ಚಿತ್ರ ಅಥವಾ ಅಲಂಕರಣವುಳ್ಳ ಹಸ್ತಪ್ರತಿಗಳು ಮಾತ್ರ. ಚಿತ್ರವಿಲ್ಲದ ನಮ್ಮ ಓಲೆಗಳಲ್ಲಿ ಬಹುಪಾಲು ಇದರ ಹೊರಗೆ ನಿಲ್ಲುತ್ತವೆ. ದಾಖಲೆಯೇ ಇಲ್ಲದ ವಸ್ತುವು ಕಾಣೆಯಾದರೆ ಕಾಣೆಯಾಯಿತೆಂದು ಹೇಳುವವರೂ ಇರುವುದಿಲ್ಲ.

ಆದಕಾರಣ ದಾಖಲೆಯ ಭಾರವು ನಮ್ಮ ಮೇಲೆಯೇ ಇದೆ. ಪಂ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಈ ದಿಶೆಯಲ್ಲಿ ಮಾರ್ಗದರ್ಶಕವಾಗಿದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆ ಕಾರ್ಯವನ್ನು ವಿಸ್ತರಿಸಿತು. ಆದರೆ ಸೂಚಿಗಳು ಮಠಗಳನ್ನೂ ಸಂಸ್ಥೆಗಳನ್ನೂ ತಲುಪುವಷ್ಟು ಸುಲಭವಾಗಿ ಅಂಗಡಿಗಳನ್ನೂ ಮನೆಯ ಅಟ್ಟಗಳನ್ನೂ ತಲುಪಲಾರವು. ಅಲ್ಲಿಗೆ ತಲುಪುವವರು ಊರೂರಿನ ಪಂಡಿತರು, ಅಧ್ಯಾಪಕರು, ಶ್ರಾವಕರು. ಅಂಗಡಿಯಲ್ಲಿ ಓಲೆಯ ಕಟ್ಟನ್ನು ಕಂಡವರು ಮೊದಲು ಅದು ಬಿಡಿಯಾಗದಂತೆ ವ್ಯಾಪಾರಿಯ ಮನವೊಲಿಸಬೇಕು. ಗರಿಗಳ ಸಂಖ್ಯೆ, ಉದ್ದಗಲ, ಪಂಕ್ತಿ, ರಂಧ್ರ, ಪತ್ರಾಂಕಗಳನ್ನು ಬರೆದುಕೊಂಡು, ಎರಡು ಪಾರ್ಶ್ವಗಳ ಛಾಯಾಚಿತ್ರಗಳನ್ನು ತೆಗೆಯಬೇಕು. ಅದು ಯಾವ ಊರಿನಿಂದ, ಯಾವ ಮನೆಯಿಂದ ಬಂದಿತೆಂದು ವಿಚಾರಿಸಬೇಕು. ವ್ಯಾಪಾರಿಗೆ ನೆನಪಿರುವುದು ಕೆಲವು ವಾರಗಳು ಮಾತ್ರ. ಕೊಳ್ಳುವುದಾದರೆ ರಸೀತಿ ಪಡೆದು, ಇಡೀ ಕಟ್ಟನ್ನು ಸಂಸ್ಥೆಯೊಂದರ ಹೆಸರಿನಲ್ಲಿ ಕೊಳ್ಳಬೇಕು. ಬಿಡಿ ಗರಿಯನ್ನು ಸ್ವಂತಕ್ಕೆ ಕೊಳ್ಳುವುದು ಎಷ್ಟು ಭಕ್ತಿಯಿಂದ ಕೊಂಡರೂ ಉಳಿದ ಗರಿಗಳಿಗೆ ಅಪಕಾರವೇ. ಬಸದಿಯಿಂದ ಹೋದುದೆಂಬ ಶಂಕೆಯಿದ್ದರೆ ಬಸದಿಯ ಆಡಳಿತಕ್ಕೂ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು.

ಶ್ರುತಪಂಚಮಿಯ ದಿನ ಗ್ರಂಥಗಳನ್ನು ಬಿಚ್ಚಿ, ಧೂಳು ತೊಡೆದು, ಅರ್ಚಿಸುವ ಪದ್ಧತಿ ನಮ್ಮಲ್ಲಿ ಇನ್ನೂ ನಡೆದಿದೆ. ಆ ದಿನ ಪ್ರತಿಯೊಂದು ಕಟ್ಟಿನ ಗರಿಗಳನ್ನು ಎಣಿಸಿ, ಕೊನೆಯ ಗರಿಯ ಪ್ರಶಸ್ತಿಯನ್ನು ಓದಿಸಿ, ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡುವ ಕ್ರಮವನ್ನು ಅದಕ್ಕೆ ಸೇರಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ಒಂದು ಸೂಚಿ ಸಿದ್ಧವಾಗುತ್ತದೆ. ಎಣಿಕೆಯಾದ ಗರಿಯು ಅಂಗಡಿಗೆ ಹೋದರೂ ಗುರುತು ಸಿಕ್ಕಿ ಮರಳಬಹುದು. ಬರುವ ಜ್ಯೇಷ್ಠ ಶುದ್ಧ ಪಂಚಮಿಯಿಂದಲೇ ಈ ಕಾರ್ಯವನ್ನು ಕೈಗೊಳ್ಳುವ ಬಸದಿಗಳಿಗೆ ಲಿಪಿ ಓದುವುದರಲ್ಲಿ ಬೇಕಾದ ನೆರವನ್ನು ನೀಡುವುದು ಹಸ್ತಪ್ರತಿಗಳ ಅಭ್ಯಾಸ ಮಾಡಿದವರೆಲ್ಲರ ಕರ್ತವ್ಯವೆಂದು ಭಾವಿಸುತ್ತೇನೆ.