ಪೆನ್‌ಡ್ರೈವ್‌ನೊಳಗಿನ ಹೆಪ್ಪು

ಮಳೆಗಾಲ. ಹೆಗಡೆಕಟ್ಟಾದಲ್ಲಿ ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗತ್ತೆ. ಬ್ಯಾಟರಿ ಇರೋವಷ್ಟು ಹೊತ್ತು ಮಾತಾಡ್ತೀನಿ.

2000ನೇ ಇಸವಿಯಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ 'ಕ್ನಾಪಿಕ್ಸ್' ಅನ್ನೋ ಲಿನಕ್ಸ್ ಹೊರತಂದರು. 700 ಎಂಬಿಯ ಸಿಡಿಯೊಳಗೆ ಸುಮಾರು 2 ಜಿಬಿ ಸಾಫ್ಟ್‌ವೇರ್! ಇನ್‌ಸ್ಟಾಲ್ ಮಾಡೋದೇ ಬೇಡ, ಸಿಡಿಯಿಂದಲೇ ಓಡ್ತಿತ್ತು. ಇಂಥದ್ದಕ್ಕೇ ಲೈವ್ ಸಿಸ್ಟಮ್ ಅಂತಾರೆ. ತೊಂದರೆ ಒಂದೇ: ನಾವು ಮಾಡಿದ ಬದಲಾವಣೆ ಇರೋದು ರ‍್ಯಾಮ್‌ನಲ್ಲಿ, ಆಫ್ ಮಾಡಿದ್ರೆ ಹೋಯ್ತು. ಇವತ್ತು ಕನ್ನಡ ಫಾಂಟ್ ಹಾಕಿದ್ರೂ ನಾಳೆ ಮತ್ತೆ ಚೌಕ ಡಬ್ಬಿಗಳೇ.

2006ರಲ್ಲಿ ಡೆಬಿಯನ್ ಲೈವ್ ಯೋಜನೆ ಶುರುವಾಯ್ತು. ಅದರ 'ಲೈವ್-ಬಿಲ್ಡ್'ಗೆ ಪ್ಯಾಕೇಜುಗಳ ಪಟ್ಟಿ ಕೊಟ್ಟರೆ ನಮಗೆ ಬೇಕಾದಂಥ ಲೈವ್ ಸಿಸ್ಟಮ್ ಕಟ್ಟಿಕೊಡತ್ತೆ. ನಾನು ಗುಬ್ಬಿ, ನವಿಲು ಫಾಂಟು, ಗಿಟ್, ಪೈಥಾನ್ ಬರೆದೆ. ಜೊತೆಗೆ ಲೈವ್-ಬಿಲ್ಡನ್ನೂ ಆ ಪಟ್ಟಿಯನ್ನೂ ಒಳಗೇ ಸೇರಿಸಿದೆ. ಈಗದು ತನ್ನ ಮುಂದಿನ ಆವೃತ್ತಿಯನ್ನ ತಾನೇ ಕಟ್ಟತ್ತೆ, ನಿನ್ನೆಯ ಮೊಸರೇ ಇವತ್ತಿನ ಹಾಲಿಗೆ ಹೆಪ್ಪಾದ ಹಾಗೆ.

ಮೊದಲ ಸಲ ಎಲ್ಲಾನೂ ರ‍್ಯಾಮ್‌ನಲ್ಲೇ ಇಟ್ಟು ಕಟ್ಟೋಕೆ ಹೊರಟಿದ್ದೆ, ನನ್ನದೇ ದಡ್ಡತನ. ಕರೆಂಟ್ ಹೋಯ್ತು, ಮೂರು ತಾಸಿನ ಡೌನ್‌ಲೋಡೂ ಹೋಯ್ತು. ಈಗ ಇಳಿಸಿದ ಪ್ಯಾಕೇಜುಗಳ ಕ್ಯಾಶ್ ಇನ್ನೊಂದು ಪೆನ್‌ಡ್ರೈವ್‌ನಲ್ಲಿರತ್ತೆ, ಇದ್ದದ್ದನ್ನ ಮತ್ತೆ ಇಳಿಸಬೇಕಿಲ್ಲ. ನಿನ್ನೆ ರಾತ್ರಿ ಹಾಗೆ ಕಟ್ಟಿದ್ದರಲ್ಲೇ ಈ ಸ್ಕ್ರಿಪ್ಟ್ ಓದ್ತಿದೀನಿ. ಒತ್ತಕ್ಷರನೂ ಸರಿಯಾಗಿ ಕಾಣ್ತಿದೆ.