ಬೆಳ್ಳಿಯ ಚಿತ್ರಗಳೂ ಸೆಲೆನಿಯಮ್ ಸಂಸ್ಕಾರವೂ

ಕುಂದಾಪುರಕ್ಕೆ ದಕ್ಷಿಣದಲ್ಲಿರುವ ಕೋಟೇಶ್ವರವು ಕೋಟಿಲಿಂಗೇಶ್ವರ ದೇವಾಲಯದಿಂದಲೂ ಕೋಟಿತೀರ್ಥದಿಂದಲೂ ಪ್ರಸಿದ್ಧವಾದ ಕ್ಷೇತ್ರ. ಕಡಲಿನ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಬರೆಹದ ವಸ್ತುಗಳಿಗೆ ಶತ್ರುಗಳೆಂಬುದು ಈ ಸೀಮೆಯ ಜನರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ತಾಡವೋಲೆಗೆ ಎಣ್ಣೆ ಸವರುವ ಪದ್ಧತಿ ಹುಟ್ಟಿದುದು ಇಂಥ ಅನುಭವದಿಂದಲೇ. ಶಾಸನ ಶಿಲ್ಪಗಳ ಅಭ್ಯಾಸಕ್ಕೆ ಓಲೆಯಷ್ಟೇ ಆಧಾರವಾಗಿರುವ ಛಾಯಾಚಿತ್ರಕ್ಕೆ ಅಂಥ ರಕ್ಷೆ ಯಾವುದೆಂಬುದು ವಿಚಾರಾರ್ಹವಾಗಿದೆ.

ಕಪ್ಪುಬಿಳುಪು ಚಿತ್ರದ ಕಪ್ಪೆಂಬುದು ಶಾಯಿಯಲ್ಲ. ಜೆಲೆಟಿನ್ ಪೊರೆಯಲ್ಲಿ ಹುದುಗಿರುವ ಬೆಳ್ಳಿಯ ಅತಿಸೂಕ್ಷ್ಮ ಕಣಗಳು. ಗಂಧಕದ ಅನಿಲ ತಗಲಿದರೆ, ಅಥವಾ ಸರಿಯಾಗಿ ತೊಳೆಯದೆ ಹೈಪೋ ಉಳಿದರೆ, ತೇವದಲ್ಲಿ ಆ ಬೆಳ್ಳಿ ಕೆಟ್ಟು ಚಿತ್ರವು ಹಳದಿಗಟ್ಟುತ್ತದೆ. ಮೊದಲು ಮಾಯವಾಗುವುದು ಬಿಳುಪಿನೊಳಗಿನ ನಸುರೇಖೆಗಳು. ಸವೆದ ಅಕ್ಷರವನ್ನು ಓದಬೇಕಾದವನಿಗೆ ಬೇಕಾದುವೂ ಅವೇ.

ಇದಕ್ಕೆ ಪ್ರಾಚೀನರು ಬಳಸಿದುದು ಚಿನ್ನ. ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದ ಚಿತ್ರಗಳನ್ನೊಳಗೊಂಡು ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಧಾರವಾಡ ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥ ಕರ್ಣಾಟಕದ ದೇವಾಲಯಗಳಿಗೆ ಇಂದಿಗೂ ಸಾಕ್ಷಿ. ಮೊಟ್ಟೆಯ ಬಿಳಿಯ ಲೇಪವುಳ್ಳ ಆ ಕಾಲದ ಕಾಗದಕ್ಕೆ ಸ್ವರ್ಣಲವಣದ ಟೋನಿಂಗ್ ವಾಡಿಕೆಯಾಗಿತ್ತು; ಆದರೂ ಅಂಥ ಪ್ರತಿಗಳಲ್ಲಿ ಹಲವು ಹಳದಿಯಾಗಿವೆ.

ಸೆಲೆನಿಯಮ್ಮನ್ನು ಸ್ವೀಡನ್ನಿನ ಬರ್ಜೀಲಿಯಸ್ ೧೮೧೭ರಲ್ಲಿ ಕಂಡು ಚಂದ್ರನ ಹೆಸರನ್ನು ಅದಕ್ಕಿತ್ತನು. ಛಾಯಾಚಿತ್ರಕ್ಕೆ ಅದು ವ್ಯಾಪಕವಾಗಿ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ತೊಳೆದ ಚಿತ್ರವನ್ನು ಅದರ ತೆಳು ದ್ರಾವಣದಲ್ಲಿ ಅದ್ದಿದಾಗ ಬೆಳ್ಳಿಯು ಬೆಳ್ಳಿಯ ಸೆಲೆನೈಡ್ ಆಗಿ ಮಾರ್ಪಡುತ್ತದೆ. ಅದು ಬರಿಯ ಬೆಳ್ಳಿಗಿಂತ ದೃಢವಾದುದು. ಕ್ಲೋರೋಬ್ರೋಮೈಡ್ ಕಾಗದ ಕೆಂಗಂದು ಅಥವಾ ನೇರಳೆಯ ಛಾಯೆಯನ್ನು ತಾಳುತ್ತದೆ. ಬ್ರೋಮೈಡ್ ಕಾಗದದಲ್ಲಿ ಬಣ್ಣ ಅಷ್ಟಾಗಿ ತಿರುಗದೆ ಕಪ್ಪು ಮಾತ್ರ ಗಾಢವಾಗುತ್ತದೆ. ದ್ರಾವಣ ವಿಷಕಾರಿ, ವಾಸನೆಯೂ ಕಟು. ಕೈಚೀಲವೂ ಗಾಳಿಯಾಡುವ ಕೋಣೆಯೂ ಅವಶ್ಯ.

ಬಹುಮಂದಿ ಇದನ್ನು ಕೈಕೊಂಡುದು ಬಣ್ಣದ ಸೊಗಸಿಗಾಗಿ. ತೊಡಕಿರುವುದೂ ಇಲ್ಲಿಯೇ. ಸೆಲೆನಿಯಮ್ ಮೊದಲು ಹಿಡಿಯುವುದು ದಟ್ಟ ನೆರಳನ್ನು, ಕಡೆಗೆ ಬಿಳುಪನ್ನು. ಕಣ್ಣಿಗೆ ಚೆನ್ನಾಗಿ ಕಂಡೊಡನೆ ಹೊರತೆಗೆದ ಚಿತ್ರದಲ್ಲಿ ನಸುರೇಖೆಗಳು ಬರಿಯ ಬೆಳ್ಳಿಯಾಗಿಯೇ ಉಳಿದಿರುತ್ತವೆ. ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ರೋಚೆಸ್ಟರಿನ ಸಂಶೋಧಕರು ಮೈಕ್ರೋಫಿಲ್ಮುಗಳನ್ನು ಪರೀಕ್ಷಿಸಿದಾಗ ಸೆಲೆನಿಯಮ್ಮಿನ ರಕ್ಷಣೆ ನಂಬಿದ್ದಷ್ಟಿಲ್ಲವೆಂದೂ, ಬೆಳ್ಳಿಯನ್ನು ಸಲ್ಫೈಡಾಗಿಸುವ ಗಂಧಕದ ಸಂಸ್ಕಾರವೇ ಹೆಚ್ಚು ಭದ್ರವೆಂದೂ ಕಂಡುಬಂದಿತು. ಚಿತ್ರವನ್ನು ಕೆಡಿಸುವ ಗಂಧಕವೇ ಕ್ರಮವಾಗಿ ಬಳಸಿದಲ್ಲಿ ಅದನ್ನು ಕಾಯುತ್ತದೆಂಬುದು ವಿಚಿತ್ರವಾದರೂ ಸತ್ಯ. ಆದುದರಿಂದ ಶಾಸನದ ಚಿತ್ರವೊಂದು ನೇರಳೆಗಪ್ಪಾಗಿ ಹೊಳೆಯುತ್ತಿದೆಯೆಂಬುದರಿಂದಲೇ ಅದರ ಬಿಳುಪಿನ ಅಕ್ಷರಗಳು ಸುರಕ್ಷಿತವೆಂದು ಊಹಿಸಲಾಗದು. ಮೂಲ ನೆಗೆಟಿವ್ ದೊರೆತಲ್ಲಿ ಅದರೊಡನೆ ಹೋಲಿಸಿಯೇ ಪಾಠವನ್ನು ನಿರ್ಣಯಿಸಬೇಕಾಗುತ್ತದೆ.